ಮಲಗಿಕೊಂಡು ಹೋಗುವ ದಾರಿ

ಮೂರನೆಯ ಗಂಟು ಬಿಗಿಯುವ ಹೊತ್ತಿಗೆ ಮಗಳು ಬಂದು ಹಗ್ಗದ ತುದಿ ಹಿಡಿದುಕೊಂಡಳು.

"ಬಿಡು ಅತ್ತೆ. ಕಟ್ಟಬೇಡ."

ಅತ್ತೆ ತಲೆಯೆತ್ತಲಿಲ್ಲ. ಚಟ್ಟದ ಮೇಲೆ ಮಲಗಿದ್ದವನು ಅವಳ ಒಡಹುಟ್ಟಿದ ಅಣ್ಣ. ಎದೆಗೆ ಒಂದು, ಸೊಂಟಕ್ಕೆ ಒಂದು ಸುತ್ತು ಬಂದಾಗಿತ್ತು, ಮೊಣಕಾಲಿನದು ಉಳಿದಿತ್ತು.

"ಕಟ್ಟದೆ ಹೇಗೆ ಒಯ್ತಾರೆ? ತಿರುವಿನಲ್ಲಿ ಜಾರಿದ್ರೆ? ನಮ್ಮ ಕೇರೀಲಿ ಕಟ್ಟದ ಹೆಣ ಹೊಸ್ತಿಲು ದಾಟಿದ್ದು ನೋಡಿದೀಯಾ ನೀನು?"

"ಅಪ್ಪ ತಿರುವಿಗೆ ಹೋಗಲ್ಲ. ದೊಡ್ಡ ಬೀದೀಲಿ ಹೋಗ್ತಾರೆ."

"ಯಾರು ಹೇಳಿದ್ದು?"

"ಅವರೇ. ಆಸ್ಪತ್ರೆಗೆ ಹೊರಟ ದಿನ ನನ್ನ ಕೈ ಹಿಡ್ಕೊಂಡು ಹೇಳಿದ್ರು. ನನ್ನನ್ನ ನಿಲ್ಲಿಸಬೇಡಿ, ಮಲಗಿಸಿಕೊಂಡೇ ಹೋಗಿ ಅಂತ."

"ಬದುಕಿದ್ದಾಗಲೇ ಅವನ ಮಾತು ಯಾರೂ ಕೇಳಲಿಲ್ಲ, ಇನ್ನು ಈಗ ಕೇಳಿಬಿಡ್ತಾರೆ." ಅತ್ತೆ ಹಗ್ಗ ಎಳೆದಳು. "ನಿಮ್ಮಣ್ಣ ಓಣಿ ಅಂದಿದಾನೆ, ನಾನು ಕಟ್ತಾ ಇದೀನಿ. ನೀನು ಟಿಕೆಟ್ ಹರಿಯೋಳು, ಗಂಟಿನ ವಿಷಯ ನಿಂಗೇನು ಗೊತ್ತು?"

ಮಗಳು ಬಸ್ ಕಂಡಕ್ಟರ್. ತುಂಬಿದ ಬಸ್ಸಿನಲ್ಲಿ ಗದರಿ ಗದರಿ ದಪ್ಪವಾದ ದನಿ ಅವಳದು. ಈ ದಿನ ಅದನ್ನು ತಗ್ಗಿಸಿ ಇಟ್ಟುಕೊಂಡಿದ್ದಳು. ಹಗ್ಗದ ತುದಿಯನ್ನು ಮಾತ್ರ ಬಿಡಲಿಲ್ಲ.

ಕೇರಿಯಿಂದ ಕೇರಿಯವರ ಸ್ಮಶಾನಕ್ಕೆ ಇರುವುದು ಎರಡೇ ದಾರಿ. ಒಂದು ದೊಡ್ಡ ಬೀದಿ. ಅಂಗಡಿಗಳ ನಡುವೆ ನೆಟ್ಟಗೆ ಹೋಗುತ್ತದೆ. ಇನ್ನೊಂದು ಆ ಅಂಗಡಿಗಳ ಬೆನ್ನಿಗೆ ಅಂಟಿಕೊಂಡ ಓಣಿ. ಒಂದು ಮಗ್ಗುಲಿಗೆ ಮೋರಿ, ಇನ್ನೊಂದು ಮಗ್ಗುಲಿಗೆ ಬಚ್ಚಲ ಕೊಳವೆಗಳು. ಓಣಿಯ ನಡುವೆ ಒಂದು ತಿರುವು ಬರುತ್ತದೆ. ಅಲ್ಲಿ ಗೋಡೆ ಗೋಡೆಗಳ ನಡುವಿನ ಜಾಗದಲ್ಲಿ ಚಟ್ಟ ತಿರುಗುವುದಿಲ್ಲ. ಅದನ್ನು ನೆಟ್ಟಗೆ ಎತ್ತಬೇಕು. ಹೆಣ ನಿಂತುಕೊಂಡೇ ತಿರುವು ದಾಟಬೇಕು. ಹಗ್ಗ ಅದಕ್ಕಾಗಿ. ದೇವರು ದಣಿದವನನ್ನು ಮಲಗಿಸಿ ಕರೆದುಕೊಳ್ಳುತ್ತಾನೆ. ಆ ಊರು ಮಾತ್ರ ಕೇರಿಯವರನ್ನು ಸತ್ತ ಮೇಲೂ ಒಮ್ಮೆ ಎಬ್ಬಿಸಿ ನಿಲ್ಲಿಸುತ್ತಿತ್ತು.

ಸತ್ತವನು ಕಲ್ಲುಹಾಸಿನ ಮೇಸ್ತ್ರಿ. ದೊಡ್ಡ ಬೀದಿಗೆ ಮೊದಲು ಕಲ್ಲು ಹಾಸಿದ ಗುಂಪಿನಲ್ಲಿ ದುಡಿದವನು. ಕೇರಿಯ ಜನ ಆ ಕಲ್ಲುಗಳನ್ನು ಹೊರಬಹುದಿತ್ತು, ಕೂಡಿಸಬಹುದಿತ್ತು, ಬೆಳಿಗ್ಗೆ ಎದ್ದು ಗುಡಿಸಬಹುದಿತ್ತು. ಅವುಗಳ ಮೇಲೆ ತಮ್ಮ ಹೆಣ ಮಾತ್ರ ಒಯ್ಯುವಂತಿರಲಿಲ್ಲ. ಆ ಕಟ್ಟಳೆಯನ್ನು ಮುರಿಯಲು ಮುಂದೆ ನಿಂತವನು ಅವನು. ಕಡೆಗೆ ನ್ಯಾಯಾಲಯ ಬೀದಿಯನ್ನು ಎಲ್ಲರ ಹೆಣಕ್ಕೂ ತೆರೆಯಿತು. ಕೆಲವು ವರ್ಷ ಕೇರಿಯ ಹೆಣಗಳು ಮಲಗಿಕೊಂಡು ಹೋದವು. ಆಮೇಲೆ ಒಂದೊಂದಾಗಿ ಓಣಿಗೇ ಮರಳಿದವು.

ಬಾಗಿಲಲ್ಲಿ ಮಗ ಬಂದು ನಿಂತ. ಅವನ ಹಿಂದೆ ದೊಡ್ಡ ಬೀದಿಯ ವರ್ತಕರ ಸಂಘದ ಕಾರ್ಯದರ್ಶಿ, ಎರಡು ಕೈಯಲ್ಲೂ ಪುಷ್ಪಚಕ್ರ ಹಿಡಿದುಕೊಂಡು.

"ದೊಡ್ಡ ಜೀವ ಅಮ್ಮ," ಎಂದರು ಕಾರ್ಯದರ್ಶಿ, ಹೂವನ್ನು ಹೆಣದ ಕಾಲ ಬಳಿ ಇಳಿಸಿ. "ನಮ್ಮ ಬೀದೀನ ನಾಲ್ಕು ಜನ ಗುರುತಿಸ್ತಾರೆ ಅಂದ್ರೆ ಇವರಿಂದ. ಸಂಘದವರೆಲ್ಲ ತುಂಬಾ ನೊಂದ್ಕೊಂಡ್ರು."

ಮೂಲೆಯಿಂದ ಒಂದು ಪಿಸುಮಾತು ಬಂತು. "ಹೂವು ಮನೆವರೆಗೂ ಬಂತು. ಹೆಣ ಬೀದಿವರೆಗೂ ಬರಬಾರದು, ಅಷ್ಟೆ."

ಹೇಳಿದವನನ್ನು ಕೇರಿಯಲ್ಲಿ ಎಲ್ಲರೂ ಗಂಟಲು ಎಂದೇ ಕರೆಯುತ್ತಿದ್ದರು. ಮೇಸ್ತ್ರಿಯ ಜೊತೆಗಾರ. ಒಂದು ಕಾಲಕ್ಕೆ ಅವನು ಕೂಗಿದರೆ ಊರಾಚೆಗೂ ಕೇಳುತ್ತಿತ್ತಂತೆ. ಈಗ ಪಕ್ಕದಲ್ಲಿ ಕೂತವರಿಗೂ ಕಿವಿ ಕೊಟ್ಟರೆ ಮಾತ್ರ ಕೇಳುತ್ತದೆ.

"ಹಾಗನ್ನಬೇಡಿ ಯಜಮಾನ್ರೇ. ಬರಬಾರದು ಅಂತ ಯಾರು ಹೇಳಿದ್ದು? ಕಾನೂನೇ ಇದೆ. ನಮ್ಮದು ಬರೀ ಒಂದು ವಿನಂತಿ. ವ್ಯಾಪಾರದ ಹೊತ್ತಲ್ಲಿ ಯಾರ ಹೆಣಾನೂ ಬೇಡ ಅಂತ. ಯಾರದ್ದೂ ಅಂದ್ರೆ ಯಾರದ್ದೂ. ನಮ್ಮ ಅಧ್ಯಕ್ಷರ ತಾಯಿ ಹೋದಾಗ್ಲೂ ಬೀದೀಲಿ ತರಲಿಲ್ಲ. ಎಲ್ಲರಿಗೂ ಒಂದೇ ನಿಯಮ."

"ಅವರ ತಾಯೀನ ಹೇಗೆ ಒಯ್ದ್ರಿ ಸಾರ್?" ಮಗಳು ಕೇಳಿದಳು.

"ಕಾರಲ್ಲಿ. ಅವರ ಸ್ಮಶಾನ ಹೊರದಾರೀಲಿ ಇದೆಯಲ್ಲ."

"ಮಲ್ಕೊಂಡು ಹೋದ್ರಾ, ನಿಂತ್ಕೊಂಡು ಹೋದ್ರಾ?"

ಕಾರ್ಯದರ್ಶಿ ಬಗ್ಗಿ ಒಂದು ಹೂವನ್ನು ಸರಿಪಡಿಸಿದರು.

"ವ್ಯಾಪಾರದ ಹೊತ್ತು ಯಾವಾಗ ಮುಗಿಯುತ್ತೆ?" ಗಂಟಲು ಕೇಳಿದ.

"ರಾತ್ರಿ ಅಂಗಡಿ ಮುಚ್ಚಿದ ಮೇಲೆ."

"ಸ್ಮಶಾನದ ಬಾಗಿಲು ಸಂಜೆಗೇ ಮುಚ್ಚುತ್ತೆ. ಹಾಗಾದ್ರೆ ನಾವು ಸಾಯೋದನ್ನೇ ಬಿಟ್ಟುಬಿಡೋಣ ಬಿಡಿ."

ಹೆಂಗಸರ ನಡುವೆ ಯಾರೋ ಕಿಸಕ್ಕೆಂದರು. ಮಗನ ಮುಖ ಕೆಂಪಾಯಿತು. "ಸಾಕು ಚಿಕ್ಕಪ್ಪ. ಮನೆಗೆ ಬಂದೋರ ಹತ್ರ ಹೀಗಾ ಮಾತಾಡೋದು?" ಎಂದು ಕಾರ್ಯದರ್ಶಿಯನ್ನು ಕೈಹಿಡಿದು ಹೊರಗೆ ಕರೆದೊಯ್ದ.

*

ಮೇಸ್ತ್ರಿಯ ತಾಯಿ ತೀರಿಕೊಂಡಾಗ ಅವನಿಗೆ ಮೀಸೆ ಆಗತಾನೆ ಬಂದಿತ್ತು. ಓಣಿಯಲ್ಲಿ ತಲೆಯ ಕಡೆ ಹೊತ್ತವನು ಅವನೇ. ತಿರುವಿನಲ್ಲಿ ಚಟ್ಟವನ್ನು ಎತ್ತಿ ನಿಲ್ಲಿಸಿದಾಗ ಹಳೆಯ ಹಗ್ಗ ಸಡಿಲಾಯಿತು. ತಾಯಿ ಮೆಲ್ಲಗೆ ಜಾರಿದಳು. ಅವಳ ಎರಡು ಪಾದಗಳೂ ಮೋರಿಯ ಒಳಗೆ ಹೋಗಿ ನಿಂತವು. ಅದೇ ಹೊತ್ತಿಗೆ ಮೇಲಿನ ಅಡಿಗೆಮನೆಯ ಕಿಟಕಿಯಿಂದ ಯಾರೋ ಪಾತ್ರೆ ತೊಳೆದ ನೀರು ಚೆಲ್ಲಿದರು. ನೋಡದೆ ಚೆಲ್ಲಿದರು, ನೋಡಿದ್ದರೆ ಚೆಲ್ಲುತ್ತಿರಲಿಲ್ಲವೇನೋ. ಅವನು ಬೈಯಲಿಲ್ಲ. ಅಂಗಿ ಬಿಚ್ಚಿ ತಾಯಿಯ ಮುಖ ಒರೆಸಿದ, ಕಾಲು ಒರೆಸಿದ. ಜೊತೆಯವರು ಮತ್ತೆ ಕಟ್ಟಿದರು.

ಮಣ್ಣು ಕೊಟ್ಟು ಬಂದ ಮೇಲೆ ಕೇರಿಯ ಗಂಡಸರನ್ನೆಲ್ಲ ಕೂಡಿಸಿ ಹೇಳಿದ: "ಇನ್ಮೇಲೆ ಯಾರೂ ಓಣೀಲಿ ಹೋಗಬಾರದು. ಮುಂದಿನ ಹೆಣ ಯಾರದಾದ್ರೂ ಸರಿ, ದೊಡ್ಡ ಬೀದೀಲೇ ಹೋಗಬೇಕು."

ಎಲ್ಲರೂ ದೇವರ ಮೇಲೆ ಆಣೆಯಿಟ್ಟು ಒಪ್ಪಿದರು. ಯಾರದು ಎಂದು ಗೊತ್ತುಮಾಡುವುದು ಮನುಷ್ಯರ ಕೈಯಲ್ಲಿಲ್ಲ ಎಂಬುದನ್ನು ಆ ಕೋಪದಲ್ಲಿ ಎಲ್ಲರೂ ಮರೆತಿದ್ದರು. ಆಮೇಲೆ ಅವನ ಮದುವೆಯಾಯಿತು, ಮಗುವಾಯಿತು. ಅಷ್ಟು ದಿನ ಕೇರಿಯಲ್ಲಿ ಸಾವೇ ಆಗಲಿಲ್ಲ. ಮುದುಕರು ಕೂಡ ಅಂಜಿ ಬದುಕಿಕೊಂಡಿದ್ದರು ಎಂದು ಗಂಟಲು ನಗೆಯಾಡುತ್ತಿದ್ದ.

*

ಕಾರ್ಯದರ್ಶಿಯನ್ನು ಕಳಿಸಿ ಮಗ ಒಳಗೆ ಬಂದಾಗ ಎದೆಯ ಗಂಟು ಬಿಚ್ಚಿತ್ತು. ಮಗಳು ಸೊಂಟದ ಗಂಟಿಗೆ ಕೈ ಹಾಕಿದ್ದಳು.

"ಏನು ಮಾಡ್ತಿದೀಯ ನೀನು?"

"ಕಾಣಿಸ್ತಿಲ್ವಾ ಅಣ್ಣ?"

"ನಿಂಗೇನು, ನಾಳೆ ಬಸ್ ಹತ್ತಿ ಹೋಗ್ತೀಯ. ಆ ಬೀದೀಲಿ ಅಂಗಡಿ ತೆಗೆದು ಕೂರಬೇಕಾದೋನು ನಾನು. ಕೇರಿಯೋರಲ್ಲಿ ಆ ಬೀದೀಲಿ ಅಂಗಡಿ ಇಟ್ಟಿರೋನು ಯಾರಾದ್ರೂ ಇದ್ದಾರಾ? ನಾನೊಬ್ಬನೇ. ಅದೂ ಮಕ್ಕಳ ಬಟ್ಟೆ ಅಂಗಡಿ. ಹಸುಗೂಸು ಎತ್ಕೊಂಡು ಬಂದಿರ್ತಾರೆ, ಅವರ ಮುಂದೆ ಹೆಣ ಒಯ್ದ್ರೆ ಇನ್ನೊಂದ್ಸಲ ಬರ್ತಾರಾ? ಸಂಘದೋರು ನನ್ನನ್ನ ಪಕ್ಕ ಕೂರಿಸ್ಕೊಂಡು ಚಹ ಕೊಡ್ತಾರೆ. ಅಷ್ಟು ಆಗೋಕೆ ನಾನು ಎಷ್ಟು ಬಗ್ಗಿದೀನಿ ಅಂತ ನಿಂಗೆ ಗೊತ್ತಾ?"

"ಗೊತ್ತು. ಇನ್ನೂ ನೆಟ್ಟಗಾಗಿಲ್ಲ ನೀನು."

"ಮಾತಿಗೇನು ಕಡಿಮೆಯಿಲ್ಲ. ಅಪ್ಪನ ಮಗಳೇ." ಅವನು ಚಟ್ಟದ ಕಡೆ ಕೈ ತೋರಿದ. "ಅಪ್ಪನಿಗೆ ಆ ಬೀದಿ ಬೇಕಾಗಿತ್ತು. ಮನೇಲಿ ಇರೋರು ಬೇಕಾಗಿರಲಿಲ್ಲ. ಅಕ್ಕನ್ನ ಅಲ್ಲಿ ಬಿಸಿಲಲ್ಲಿ ಮಲಗಿಸಿದ್ರಲ್ಲ, ಅದು ಸಾಲಲಿಲ್ವಾ?"

ಆ ಮಾತನ್ನು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಗಂಟಲು ಗೋಡೆಯ ಕಡೆ ತಿರುಗಿ ಕುಳಿತ.

*

ಮುಂದಿನ ಹೆಣ ಮೇಸ್ತ್ರಿಯ ಮೊದಲ ಮಗಳದೇ ಆಯಿತು. ಆಗಿನ್ನೂ ಮಾತು ಕಲಿಯುತ್ತಿದ್ದ ಕೂಸು. ಜ್ವರ ಬಂದು ಹೋಯಿತು.

"ಕೂಸಿಗೆ ಚಟ್ಟ ಯಾಕಪ್ಪ?" ಎಂದರು ಹಿರಿಯರು. "ಎತ್ಕೊಂಡು ಹೋದ್ರಾಯ್ತು. ಓಣಿ ತಿರುವು ತೊಡಕಾಗಲ್ಲ. ಆಣೆ ಮುಂದಿನೋರಿಗೆ ಇರಲಿ." ಹೆಂಡತಿ ಅವನ ಕಾಲು ಹಿಡಿದುಕೊಂಡಳು. ಅವನು ದೊಡ್ಡವರ ಅಳತೆಯ ಚಟ್ಟವನ್ನೇ ಕಟ್ಟಿದ. ಅದರ ನಡುವೆ ಕೂಸು ಯಾರೋ ಮರೆತುಹೋದ ಬಟ್ಟೆಗಂಟಿನಂತೆ ಕಾಣುತ್ತಿತ್ತು.

ಬೀದಿಯ ಬಾಯಲ್ಲಿ ಅಂಗಡಿಯವರು ದೊಣ್ಣೆ ಹಿಡಿದು ನಿಂತಿದ್ದರು. ಇವರು ಚಟ್ಟ ಇಳಿಸಿ ಸುತ್ತ ಕುಳಿತರು. ಬಿಸಿಲು ಏರಿತು. ಸತ್ತವರಿಗೆ ದಾರಿ ಬಿಡಿ ಎಂದು ಗಂಟಲು ಕೂಗುತ್ತಲೇ ಇದ್ದ. ಒಂದು ದೊಣ್ಣೆ ಅವನ ಕುತ್ತಿಗೆಗೆ ಅಡ್ಡವಾಗಿ ಬಿತ್ತು. ಕೂಗು ನಡುವೆಯೇ ನಿಂತಿತು, ಮತ್ತೆ ಬರಲಿಲ್ಲ. ಕೂಸಿನ ತಾಯಿ ಮಾತ್ರ ಇದಾವುದನ್ನೂ ನೋಡಲಿಲ್ಲ. ತನ್ನ ನೆರಳು ಕೂಸಿನ ಮುಖದ ಮೇಲೆ ಬೀಳುವಂತೆ ಕುಳಿತು, ಸೂರ್ಯ ಸರಿದಂತೆ ತಾನೂ ಸರಿಯುತ್ತಿದ್ದಳು. ಸಂಜೆ ಪೊಲೀಸರು ಬಂದು ಗಂಡಸರನ್ನು ಎಳೆದೊಯ್ದರು. ಕೂಸನ್ನು ತಾವೇ ಎತ್ತಿ ಓಣಿಯ ಮೂಲಕ ಸಾಗಿಸಿದರು. ಕೂಸಿಗೆ ಮಣ್ಣು ಕೊಡಲು ತಂದೆಗೆ ಆಗಲಿಲ್ಲ.

ವರ್ಷಗಳ ಮೇಲೆ ತೀರ್ಪು ಬಂದಾಗ ಪತ್ರಿಕೆಗಳಲ್ಲಿ ಮೇಸ್ತ್ರಿಯ ಚಿತ್ರ ಬಂತು, ಜನ ಹೆಗಲ ಮೇಲೆ ಹೊತ್ತು ಬೀದಿಯಲ್ಲಿ ಮೆರೆಸಿದರು. ಹೆಂಡತಿ ನೋಡಲು ಹೋಗಲಿಲ್ಲ. ಇನ್ನೆರಡು ಮಕ್ಕಳನ್ನು ಹೆತ್ತಳು, ಗಂಡನಿಗೆ ಅನ್ನ ಹಾಕಿದಳು; ಆ ಬೀದಿಗೆ ಮಾತ್ರ ಸಾಯುವವರೆಗೂ ಕಾಲಿಡಲಿಲ್ಲ. ಸಾಯುವಾಗ, ನನ್ನನ್ನು ನನ್ನ ಕೂಸು ಹೋದ ಕಡೆಯಿಂದಲೇ ಒಯ್ಯಿರಿ ಎಂದಳು. ಒಯ್ದರು. ಮೇಸ್ತ್ರಿಯ ಹೆಂಡತಿಯೇ ಓಣಿಯಲ್ಲಿ ಹೋದಳಂತೆ ಎಂದು ಕೇರಿ ಮಾತಾಡಿಕೊಂಡಿತು. ಆಮೇಲೆ ಬೀದಿಯ ಹಟ ಹಿಡಿಯುವವರು ಯಾರೂ ಉಳಿಯಲಿಲ್ಲ.

*

ಅತ್ತೆ ಚಟ್ಟದ ಹತ್ತಿರ ಸರಿದಳು.

"ಅತ್ತಿಗೆ ಓಣಿ ಕೇಳಿದ್ಲು, ಓಣೀಲೇ ಕಳಿಸಿದ್ವಿ. ಯಾಕೆ ಅಂತ ಕೇಳಿದ್ವಾ? ಇಲ್ಲ." ಅವಳು ಮಗಳ ಕೈ ಸರಿಸಿ, ಸೊಂಟದ ಗಂಟಿಗೆ ತಾನೇ ಉಗುರು ಹಾಕಿದಳು. "ಇವನು ಬೀದಿ ಕೇಳಿದಾನೆ. ಕೇಳಿದ್ದು ಕೊಟ್ಟು ಕಳಿಸೋಣ. ಅಲ್ಲಿ ಹೋಗಿ ಗಂಡ ಹೆಂಡತಿ ಜಗಳ ಆಡ್ಕೊಳ್ಳಲಿ, ದೇವರು ನೋಡ್ಕೋತಾನೆ."

ಹಗ್ಗ ಬಿಚ್ಚಿ ಬಂತು. ಮಗ ತಂದೆಯ ಮುಖವನ್ನು ನೋಡಿದ.

"ಸರಿ," ಎಂದ. "ನಾನು ಮುಂದೆ ಹೋಗಿ ಅವರಿಗೆ ಹೇಳಿರ್ತೀನಿ. ಗಲಾಟೆ ಆಗೋದು ಬೇಡ."

"ಹೆಗಲು ಕೊಡಲ್ವಾ ಅಣ್ಣ?"

"ಬೀದಿ ಬಾಯಲ್ಲಿ ಸೇರ್ಕೋತೀನಿ ಅಂದ್ನಲ್ಲ."

ಅಂದಿರಲಿಲ್ಲ. ಆದರೂ ಮಗಳಿಗೆ ಸಮಾಧಾನವಾಯಿತು.

ಮುಂದಿನ ಬಲಗಡೆ ಅವಳು, ಹಿಂದೆ ಕೇರಿಯ ಇಬ್ಬರು. ಮುಂದಿನ ಎಡಗಡೆ ಮಗನದು. ಅವನು ಬರುವವರೆಗೆ ಎಂದು ಗಂಟಲು ಹೆಗಲು ಕೊಟ್ಟ. ಅವನು ಗಿಡ್ಡ. ಚಟ್ಟ ಆ ಕಡೆಗೆ ವಾಲಿತು. ಅತ್ತೆ ಪಕ್ಕದಲ್ಲಿ ನಡೆಯುತ್ತ ಅಣ್ಣನ ತೋಳಿನ ಮೇಲೆ ಕೈಯಿಟ್ಟುಕೊಂಡಳು.

ಬೀದಿಯ ಬಾಯಲ್ಲಿ ಮಗ ಇರಲಿಲ್ಲ. ಅವರು ನಿಂತು ಕಾದರು.

"ನಿನ್ನ ಬಸ್ಸಲ್ಲಿ ಎಷ್ಟು ಹೊತ್ತು ನಿಲ್ಲಿಸ್ತೀಯಮ್ಮ ಬರದೇ ಇರೋರಿಗೆ?" ಗಂಟಲು ಏದುಸಿರಿನಲ್ಲಿ ಕೇಳಿದ.

"ನಿಲ್ಲಿಸಲ್ಲ ಚಿಕ್ಕಪ್ಪ."

"ಮತ್ತೆ?"

ಅವಳು ಹೆಜ್ಜೆ ಮುಂದಿಟ್ಟಳು.

ಯಾರೂ ತಡೆಯಲಿಲ್ಲ. ದೊಣ್ಣೆ ಇರಲಿಲ್ಲ, ಪೊಲೀಸರಿರಲಿಲ್ಲ. ಮೇಸ್ತ್ರಿ ಹಾಸಿದ ಕಲ್ಲುಗಳ ಜಾಗದಲ್ಲಿ ಈಗ ಬಣ್ಣದ ಇಟ್ಟಿಗೆಗಳಿದ್ದವು, ನಡುನಡುವೆ ಹೂಕುಂಡಗಳು. ಮೊದಲ ಅಂಗಡಿಯ ಮುಂದೆ ಕಾರ್ಯದರ್ಶಿ ತಲೆಬಾಗಿಸಿ ನಿಂತಿದ್ದರು. ಚಟ್ಟ ಹತ್ತಿರ ಬಂದೊಡನೆ ಅವರ ಬೆನ್ನ ಹಿಂದೆ ಶಟರು ಇಳಿಯಿತು.

"ಗೌರವಕ್ಕೆ ಅಮ್ಮ," ಎಂದರು. "ಎಲ್ಲರೂ ಗೌರವಕ್ಕೆ ಮುಚ್ಚುತ್ತಿದ್ದಾರೆ."

ಎದುರಿನದು ಇಳಿಯಿತು. ಅದರ ಪಕ್ಕದ್ದು ಇಳಿಯಿತು. ಚಟ್ಟ ಮುಂದೆ ಹೋದಂತೆ ಶಟರುಗಳು ಅದಕ್ಕಿಂತ ಒಂದೆರಡು ಅಂಗಡಿ ಮುಂದೆಯೇ ದಡದಡ ಇಳಿದವು. ಕೊಳ್ಳಲು ಬಂದವರು ಮಕ್ಕಳನ್ನು ಎಳೆದುಕೊಂಡು ಒಳಗೆ ಸರಿದರು. ಬೀದಿಯಲ್ಲಿ ತಡೆಯುವವರಿಲ್ಲ, ನೋಡುವವರೂ ಇಲ್ಲ.

"ಏನು, ಈ ಬೀದೀಲಿ ಎಲ್ಲಾ ಸತ್ತಿದಾರಾ?" ಅತ್ತೆ ಗಟ್ಟಿಯಾಗಿ ಕೇಳಿದಳು. ಅವಳ ದನಿ ತಗಡುಗಳಿಗೆ ಬಡಿದು ಅವಳಿಗೇ ಮರಳಿತು.

ಬೀದಿಯ ಕೊನೆಗೆ ಮಕ್ಕಳ ಬಟ್ಟೆ ಅಂಗಡಿ. ಗಾಜಿನ ಹಿಂದೆ ಹಳದಿ ಅಂಗಿ ತೊಟ್ಟ ಒಂದು ಬೊಂಬೆ ನಿಂತಿತ್ತು. ಅದರ ಪಕ್ಕದ ಬಾಗಿಲಿಗೆ ಶಟರು ಅರ್ಧ ಇಳಿದು ಸಿಕ್ಕಿಹಾಕಿಕೊಂಡಿತ್ತು. ಕೆಳಗಿನ ಸಂದಿನಲ್ಲಿ, ಒಳಗೆ ನಿಂತಿದ್ದ ಒಬ್ಬನ ಕಾಲುಗಳು ಮೊಣಕಾಲಿನವರೆಗೆ ಕಾಣುತ್ತಿದ್ದವು.

ಮಗಳು ನಿಂತಳು. ಅವಳು ನಿಂತದ್ದರಿಂದ ಎಲ್ಲರೂ ನಿಂತರು. ಕರೆಯಲಿಲ್ಲ ಅವಳು. ತುಂಬಿದ ಬಸ್ಸಿಗೆ ಕೇಳುವ ದನಿ ಅವಳ ಎದೆಯಲ್ಲೇ ಇತ್ತು. ಅವಳು ಅದನ್ನು ಎತ್ತಲಿಲ್ಲ.

ಆ ಕಾಲುಗಳು ಒಂದು ಹೆಜ್ಜೆ ಹೊರಗಿಟ್ಟವು, ಮತ್ತೆ ಹಿಂದೆ ಹೋದವು. ಆಮೇಲೆ ಬಗ್ಗಿದವು. ಒಳಗಿನಿಂದ ಎರಡು ಕೈಗಳು ಬಂದು ಶಟರಿನ ಅಂಚನ್ನು ಹಿಡಿದು, ಸಿಕ್ಕಿದ್ದನ್ನು ಅಲ್ಲಾಡಿಸಿ ಬಿಡಿಸಿ, ನೆಲದವರೆಗೂ ಎಳೆದವು. ಕೊನೆಗೆ ಬೆರಳುಗಳಷ್ಟೇ ಹೊರಗೆ ಉಳಿದಿದ್ದವು. ತಗಡು ನೆಲಕ್ಕೆ ತಾಗುವ ಮೊದಲು ಅವೂ ಒಂದೊಂದಾಗಿ ಒಳಕ್ಕೆ ಸರಿದವು.