ದಾನಮ್ಮನ ಒಡಲಿನ ಮಾಸು

ನಾನು ಒಂದು ಮಾಸು. ಹೆರಿಗೆಯಲ್ಲಿ ಕೂಸಿನ ಹಿಂದೆ ಹೊರಬೀಳುತ್ತದಲ್ಲ, ಅದೇ. ನನ್ನನ್ನು ಕಸ ಎನ್ನುವವರೂ ಇದ್ದಾರೆ. ಎನ್ನಲಿ. ಕೂಸೂ ನಾನೂ ಒಂದೇ ಮೊಳಕೆಯಿಂದ ಬಂದವರು. ನಮ್ಮ ಕುಲಕ್ಕೆ ಒಂಬತ್ತು ತಿಂಗಳ ಆಯುಷ್ಯ. ನನಗೆ ಅದೂ ಪೂರ್ತಿ ಸಿಗಲಿಲ್ಲ.

ನಾನು ಬೇರುಬಿಟ್ಟದ್ದು ಗುಳೇದಗುಡ್ಡದ ನೇಕಾರರ ಸೊಸೆ ದಾನಮ್ಮನ ಒಡಲಲ್ಲಿ. ಅವಳ ಮೊದಲ ಕೂಸು ಆರು ತಿಂಗಳಿಗೇ ಹೊಟ್ಟೆಯಲ್ಲಿ ತೀರಿಕೊಂಡಿತ್ತು. ಈ ಸಲವೂ ಹಾಗಾದರೆ ಮಗನಿಗೆ ಬೇರೆ ಹೆಣ್ಣು ನೋಡುವುದಾಗಿ ಅತ್ತೆ ಗುರುಬಸವ್ವ ಓಣಿಗೆಲ್ಲ ಕೇಳುವಂತೆ ಹೇಳಿದ್ದಳು. ಮಗ್ಗದ ಸದ್ದಿಗಿಂತ ಆ ಮಾತೇ ನನಗೆ ಜೋರಾಗಿ ಕೇಳುತ್ತಿತ್ತು.

ತಾಯಿಯ ರಕ್ತನಾಳಗಳನ್ನು ಅಗಲಿಸಿ ಕೂಸಿಗೆ ದಾರಿ ಮಾಡುವುದು ನನ್ನ ಕೆಲಸ. ಎಷ್ಟು ಎಚ್ಚರದಿಂದ ಮಾಡಿದರೂ ಬೇರು ಆಳಕ್ಕೆ ಇಳಿಯಲಿಲ್ಲ. ಎಲ್ಲಿ ತಪ್ಪಿದೆನೋ, ಇಂದಿಗೂ ಯೋಚಿಸುತ್ತೇನೆ. ಇಕ್ಕಟ್ಟಾದ ನಾಳಗಳಲ್ಲಿ ರಕ್ತ ಒಮ್ಮೆ ಬತ್ತುವುದು, ಒಮ್ಮೆ ರಭಸದಿಂದ ನುಗ್ಗುವುದು. ಸಾಕಬೇಕಾದ ಆಮ್ಲಜನಕವೇ ನನ್ನನ್ನು ಸುಡತೊಡಗಿತು. ಕಬ್ಬಿಣಕ್ಕೆ ತುಕ್ಕು ಹತ್ತಿದಂತೆ ನನ್ನ ಮೈ ಕೆಟ್ಟಿತು. ಡಾಕ್ಟರರು ಇದನ್ನು ಉತ್ಕರ್ಷಣ ಒತ್ತಡ ಎನ್ನುತ್ತಾರೆ. ನನ್ನ ಸುಟ್ಟ ಚೂರುಗಳು ದಾನಮ್ಮನ ರಕ್ತಕ್ಕೆ ಸೇರಿ ಅವಳ ಬಿಪಿ ಏರಿಸಿದವು, ಕೈಕಾಲು ಬಾತವು.

ಬಸುರಿಗೆ ಮಾಡುವ ಕುಬಸದ ದಿನ ಇಡಿಸಿದ ಹಸಿರು ಬಳೆಗಳು ಮೂರು ವಾರದಲ್ಲಿ ಮಣಿಕಟ್ಟನ್ನು ಕಚ್ಚಿಕೊಂಡವು. ಗುರುಬಸವ್ವ ಬೈದದ್ದು ಬಳೆಗಾರನನ್ನು.

“ಸಣ್ಣ ಅಳತಿ ಬಳಿ ಇಡಿಸಿ ಹೋಗ್ಯಾನ, ಖೋಡಿ! ಹಡಿಯೂತನಕ ತಗಿಯೂ ಹಂಗೂ ಇಲ್ಲ.”

ತಪಾಸಣೆಗೆ ಬಂದ ನರ್ಸ್ ಶಹನಾಜ್ ಆ ಕೈ ನೋಡಿ ಗಾಬರಿಯಿಂದ ಬಿಪಿ ಪಟ್ಟಿ ಸುತ್ತಿದಳು. “ಬಳಿ ಸಣ್ಣಿಲ್ಲ ಯವ್ವಾ, ಕೈ ಬಾತೈತಿ. ಬಿಪಿ ನೂರಾ ಎಪ್ಪತ್ತು! ಈಗಿಂದೀಗ ದವಾಖಾನಿಗೆ ನಡೀರಿ.”

“ಇವತ್ತ ಅಮಾಸಿ. ನಾಳೆ ನೋಡೂಣು,” ಎಂದಳು ಗುರುಬಸವ್ವ.

“ಅಮಾಸಿ ನಿಮಗಿರ್ಲಿರಿ ಅತ್ತಿ. ನಾ ಹೊಂಟೆ,” ಎಂದ ದಾನಮ್ಮ ಸಾಬೂನು ಹಚ್ಚಿ ಬಳೆಗಳನ್ನು ತಾನೇ ಎಳೆದು ತೆಗೆದಳು.

ದೊಡ್ಡ ದವಾಖಾನೆಯಲ್ಲಿ ಒಂಬತ್ತು ದಿನ. ಬಿಪಿಗೆ ಗುಳಿಗೆ, ಕೂಸಿನ ಪುಪ್ಪುಸ ಬಲಿಯಲು ಸೂಜಿ. ಬಿಟ್ಟುಬಿಡು ಎನ್ನುತ್ತಿತ್ತು ನನ್ನ ಮೈ. ಬಿಡಲಿಲ್ಲ. ಅರ್ಧ ಸತ್ತಿದ್ದೆ, ಉಳಿದರ್ಧದಿಂದ ಉಣಿಸಿದೆ. ಹತ್ತನೆಯ ದಿನ ಹೊಟ್ಟೆ ಕೊಯ್ದು ಹೆಣ್ಣು ಕೂಸನ್ನು ಹೊರತೆಗೆದರು. ಒಂದೂವರೆ ಕಿಲೋ. ಅದು ಅತ್ತದ್ದು ಕೇಳಿದ ಮೇಲೆಯೇ ನಾನು ಹಿಡಿತ ಸಡಿಲಿಸಿದೆ.

ಗುರುಬಸವ್ವ ಹೊಸ ಗಡಿಗೆ ತಂದಿದ್ದಳು. “ಮಾಸ ಕೊಡ್ರಿ, ಹಿತ್ತಲದಾಗ ಹುಗೀತೀವಿ.”

ಪರೀಕ್ಷೆಗೆ ಕಳಿಸಬೇಕು ಎಂದರು ಡಾಕ್ಟರಬಾಯಿ.

“ಎಂಥಾ ಪರೀಕ್ಷೆ? ಇಕಿ ಹೊಟ್ಟೀದ ದೋಷ ಐತಿ, ಊರಿಗೇ ಗೊತ್ತೈತಿ.”

ಬಾಯಿದ್ದರೆ ಹೇಳುತ್ತಿದ್ದೆ: ಗುರುಬಸವ್ವಾ, ನನ್ನಲ್ಲಿ ಅರ್ಧ ಪಾಲು ನಿನ್ನ ಮಗನದು.

ಹಾಸಿಗೆಯಿಂದಲೇ ದಾನಮ್ಮ ತಲೆಯೆತ್ತಿದಳು. “ಒಯ್ರಿ ಡಾಕ್ಟರಬಾಯಿ. ಕೊಯ್ದು ನೋಡ್ರಿ. ಏನ್ ಸಿಗತೈತೋ ಅದನ್ನ ನಮ್ಮತ್ತಿ ಮುಂದ ಓದಿ ಹೇಳ್ರಿ.”

ಈಗ ಪ್ರಯೋಗಾಲಯದ ಮೂಲೆಯಲ್ಲಿ, ಔಷಧಿ ತುಂಬಿದ ಡಬ್ಬಿಯಲ್ಲಿದ್ದೇನೆ. ಮೈ ಬಿಳಿಚಿ ಗಟ್ಟಿಯಾಗಿದೆ. ಕತ್ತಿಗೆ ನಾನು ಹೆದರುವುದಿಲ್ಲ. ಕೊಯ್ಯಿರಿ. ಸುಟ್ಟ ಕಡೆ ಸುಟ್ಟಿದೆ ಎಂದೇ ಬರೆಯಿರಿ. ಸುಡದೆ ಉಳಿದ ಅಂಗೈಯಗಲದಲ್ಲಿ ಒಂದು ಹೆಣ್ಣು ಕೂಸು ಹೊಟ್ಟೆಯೊಳಗೆ ಒಂಬತ್ತು ದಿನ ಹೆಚ್ಚಿಗೆ ಬೆಳೆಯಿತು, ಅದನ್ನೂ ಬರೆಯಿರಿ.