ಕೆಂಪು ಬಟ್ಟೆಯ ಗಂಟು

ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಂತಿದ್ದಾಗಲೇ ಅವಳಿಗೆ ಫೋನು ಬಂತು. ಹಿಂದೆ ಕೂತಿದ್ದ ಅಪ್ಪ, ಕಣ್ಣಿನ ಡಾಕ್ಟರು ಬರೆದುಕೊಟ್ಟ ಚೀಟಿ ಜೇಬಿನಲ್ಲಿದೆಯೋ ಇಲ್ಲವೋ ಅಂತ ಮತ್ತೊಮ್ಮೆ ಮುಟ್ಟಿ ನೋಡಿಕೊಳ್ಳುತ್ತ, ದಾರಿ ನೋಡೋದು ಬಿಟ್ಟು ಫೋನು ನೋಡ್ತಾಳೆ ಅಂತ ಗೊಣಗಿದ.

ಫೋನಿನಲ್ಲಿದ್ದವನು ಟವೆಲ್ ಗೋದಾಮಿನ ಕಾವಲುಗಾರ. ಹಿಂಬದಿಯ ಕಿಟಕಿಯಲ್ಲಿ ಈಗ ತಾನೇ ಹೊಗೆ ಕಂಡಿತು, ಅಗ್ನಿಶಾಮಕ ದಳಕ್ಕೆ ಹೇಳಿದ್ದೇನೆ, ಎಲ್ಲರೂ ಊಟಕ್ಕೆ ಹೋಗಿದ್ದಾರೆ, ಒಳಗೆ ಯಾರೂ ಇಲ್ಲ ಅಂತ ಒಂದೇ ಉಸಿರಿನಲ್ಲಿ ಹೇಳಿ ಇಟ್ಟುಬಿಟ್ಟ. ದೀಪ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆದರೂ ಅವಳಿಗೆ ಗಾಡಿ ಮುಂದೆ ಬಿಡಬೇಕೆಂದು ಹೊಳೆಯಲಿಲ್ಲ.

"ಎಲ್ಲಿ ಬೆಂಕಿ?" ಅಂದ ಅಪ್ಪ. ಏನಾಯಿತು ಅಂತ ಕೇಳಲಿಲ್ಲ. ಫೋನಿನಲ್ಲಿ ಕಾವಲುಗಾರ ಹೊಗೆ ಅಂದದ್ದು ಅವನ ಕಿವಿಗೂ ಬಿದ್ದಿತ್ತು.

"ನನ್ನ ಗೋದಾಮಲ್ಲಿ."

"ತಿರುಗಿಸು ಗಾಡಿ."

"ನಿನ್ನ ಕಣ್ಣು?"

"ಕಣ್ಣು ಎಲ್ಲಿಗೂ ಓಡಿಹೋಗಲ್ಲ."

ನನ್ನ ಗೋದಾಮು ಅಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಟ್ಟಡ, ಸರಕು ಯಾರದ್ದೋ ಆಗಿರಬಹುದು, ಆದರೆ ಅಲ್ಲಿ ಬೆಂಕಿ ಆರಿಸುವ ಏರ್ಪಾಡು ಅವಳದ್ದು. ಅಷ್ಟು ವರ್ಷ ಬೇರೆಯವರ ಕೈಕೆಳಗೆ ದುಡಿದ ಮೇಲೆ ಒಬ್ಬಳೇ ನಕ್ಷೆ ಬರೆದು, ಒಬ್ಬಳೇ ನಿಂತು ಮಾಡಿಸಿದ ಮೊದಲ ಕೆಲಸ. ಸೂರಿನ ತುಂಬ ಪೈಪು, ಪೈಪಿನುದ್ದಕ್ಕೂ ಸ್ಪ್ರಿಂಕ್ಲರು, ಒಂದೊಂದರ ಬಾಯಿಗೂ ಒಂದು ಪುಟ್ಟ ಗಾಜಿನ ಗುಳಿಗೆ, ಅದರೊಳಗೆ ಕೆಂಪು ದ್ರವ. ಕೆಳಗೆ ಬೆಂಕಿ ಹತ್ತಿದರೆ ದ್ರವ ಹಿಗ್ಗಿ ಗಾಜು ಒಡೆಯುತ್ತದೆ, ಒಡೆದ ಕಡೆ ಮಾತ್ರ ನೀರು ಸುರಿಯುತ್ತದೆ. ಯಾರೂ ಗುಂಡಿ ಒತ್ತಬೇಕಾಗಿಲ್ಲ, ಯಾರೂ ಒಳಗೆ ನುಗ್ಗಬೇಕಾಗಿಲ್ಲ.

ಅಪ್ಪನಿಗೆ ಗಂಟಲಲ್ಲಿ ಇಳಿಯದೆ ಇದ್ದದ್ದು ಅದೇ. ಆಯಸ್ಸೆಲ್ಲ ಅಗ್ನಿಶಾಮಕ ದಳದಲ್ಲಿ ಕಳೆದವನು. ಒಂದು ಬಟ್ಟೆ ಗೋದಾಮಿನ ಬೆಂಕಿಯಲ್ಲಿ ಅವನ ಎಡಗೈಯ ಎರಡು ಬೆರಳು ಬೆಂದು ಒಂದಕ್ಕೊಂದು ಅಂಟಿಕೊಂಡಿದ್ದವು. ಅವತ್ತು ಅವನ ಜೊತೆ ಒಳಗೆ ಹೋದವನು, ಎಲ್ಲರೂ ಮೀಸೆ ಅಂತ ಕರೆಯುತ್ತಿದ್ದವನು, ಹೊರಗೆ ಬರಲಿಲ್ಲ. ಈಗಲೂ ಅಪ್ಪ ಮುಚ್ಚಿದ ಯಾವ ಬಾಗಿಲನ್ನೂ ಹಿಂಗೈ ತಾಗಿಸಿ ನೋಡದೆ ತೆರೆಯುವವನಲ್ಲ. ಬಿಸಿಯಾಗಿದ್ದರೆ ಒಳಗೆ ಬೆಂಕಿ ಕಾದು ಕೂತಿದೆ ಅಂತ ಲೆಕ್ಕ. ಬಚ್ಚಲಮನೆಗೂ ಅದೇ ಕ್ರಮ. ಒಳಗಿರೋಳು ನಾನು, ಬೆಂಕಿಯಲ್ಲ ಅಂತ ಅಮ್ಮ ಒಳಗಿಂದಲೇ ಕೂಗುತ್ತಿದ್ದಳು. ಅಂಥವನಿಗೆ ಮನುಷ್ಯನಿಲ್ಲದೆ ಬೆಂಕಿ ಆರುತ್ತದೆ ಅಂದರೆ, ಮೀಸೆ ಸುಮ್ಮನೆ ಸತ್ತ ಅಂದಹಾಗೆ ಕೇಳಿಸುತ್ತಿತ್ತೋ ಏನೋ. ಮಗಳು ಏನು ಕೆಲಸ ಮಾಡ್ತಾಳೆ ಅಂತ ಯಾರಾದರೂ ಕೇಳಿದರೆ ನಲ್ಲಿ ಜೋಡಿಸ್ತಾಳೆ ಅಂದು ಮಾತು ಮುಗಿಸಿಬಿಡುತ್ತಿದ್ದ.

ಸಂದುಗೊಂದಿ ಹಿಡಿದು ಓಡಿಸುತ್ತಿದ್ದವಳಿಗೆ ನಿನ್ನೆಯ ಕೆಲಸ ನೆನಪಾಯಿತು. ಸರಕು ಎತ್ತುವ ಗಾಡಿ ತಗುಲಿ ಒಂದು ಸ್ಪ್ರಿಂಕ್ಲರ್ ಸೊಟ್ಟಗಾಗಿತ್ತು. ಅದನ್ನು ಬದಲಿಸಲು ನಿನ್ನೆ ಅವಳೇ ಹೋಗಿ ಪೈಪಿಗೆಲ್ಲ ನೀರು ಬಿಡುವ ದೊಡ್ಡ ವಾಲ್ವ್ ಮುಚ್ಚಿದ್ದಳು. ಮುಚ್ಚಿದ ವಾಲ್ವನ್ನು ಮತ್ತೆ ತೆರೆಯಲು ಮರೆತರೆ ಸೂರಿನ ಪೈಪೆಲ್ಲ ಬರೀ ಅಲಂಕಾರ. ಅದಕ್ಕೇ ಅವಳು ಒಂದು ಕಟ್ಟುಪಾಡು ಮಾಡಿಕೊಂಡಿದ್ದಳು: ವಾಲ್ವ್ ಮುಚ್ಚಿದ ಕೂಡಲೇ ಸ್ಕೂಟರಿನ ಕೀಲಿಗೆ ಒಂದು ಕೆಂಪು ಬಟ್ಟೆ ಕಟ್ಟುವುದು, ತೆರೆದ ಮೇಲೇ ಬಿಚ್ಚುವುದು. ಬಟ್ಟೆ ಇದ್ದರೆ ಮುಚ್ಚಿದೆ, ಇಲ್ಲದಿದ್ದರೆ ತೆರೆದಿದೆ. ಗಾಡಿ ಓಡಿಸುತ್ತಲೇ ಬಗ್ಗಿ ನೋಡಿದಳು. ಕೀಲಿ ಬರಿದಾಗಿತ್ತು.

"ಬಟ್ಟೆ ಇಲ್ಲ. ವಾಲ್ವ್ ತೆರೆದಿದೆ," ಅಂದಳು, ಅಪ್ಪನಿಗೆ ಅಂತಲ್ಲ, ತನಗೇ.

ಅಪ್ಪ ಅವಳ ಹೆಗಲ ಮೇಲಿಂದ ಕೀಲಿಯ ಕಡೆ ಬಗ್ಗಿದ.

"ಆ ಕೆಂಪು ಚಿಂದೀನಾ? ಕೀಲಿಗೆ ಕಟ್ಟಿದ್ದದ್ದು?"

"ಹೂಂ."

"ಅದನ್ನ ಬಿಚ್ಚಿದ್ದು ನಾನು. ರಾತ್ರಿ. ಹಿತ್ತಲ ನಲ್ಲಿ ಸೋರ್ತಿತ್ತು. ನಲ್ಲಿ ಜೋಡಿಸೋರ ಮನೇಲೇ ನಲ್ಲಿ ಸೋರತ್ತೆ. ಅದಕ್ಕೆ ಸುತ್ತಿ ಕಟ್ಟಿದೆ."

ಅಂದರೆ ನಿನ್ನೆ ಮನೆಗೆ ಬಂದಾಗ ಬಟ್ಟೆ ಕೀಲಿಯಲ್ಲೇ ಇತ್ತು. ಅಂದರೆ ತಾನು ಬಿಚ್ಚಿರಲಿಲ್ಲ. ಬಿಚ್ಚಿರಲಿಲ್ಲ ಅಂದರೆ ತೆರೆದೂ ಇರಲಿಲ್ಲ. ನಿನ್ನೆಯದನ್ನು ಒಂದೊಂದಾಗಿ ಎಳೆದು ತರಲು ನೋಡಿದಳು. ಏಣಿ ಹತ್ತಿದ್ದು ನೆನಪಿತ್ತು, ಹೊಸ ಸ್ಪ್ರಿಂಕ್ಲರ್ ತಿರುಗಿಸಿ ಕೂರಿಸಿದ್ದು ನೆನಪಿತ್ತು, ಗೋದಾಮಿನ ಮೇಲ್ವಿಚಾರಕ ತನ್ನ ಮಂಡಿನೋವಿನ ಪುರಾಣ ಬಿಚ್ಚಿದ್ದೂ ನೆನಪಿತ್ತು. ವಾಲ್ವಿನ ಚಕ್ರ ತಿರುಗಿಸಿದ್ದು? ಎಷ್ಟೆಷ್ಟೋ ಸಲ ತಿರುಗಿಸಿದ ಚಕ್ರ. ಅಷ್ಟರಲ್ಲಿ ನಿನ್ನೆಯದು ಯಾವುದು ಅಂತ ಹೆಕ್ಕಲು ಆಗಲಿಲ್ಲ.

"ಮುಚ್ಚೇ ಇದ್ದರೆ?" ಅಂತ ಕೇಳಿದ ಅಪ್ಪ.

ಅವಳು ಗಾಡಿಯ ವೇಗ ಹೆಚ್ಚಿಸಿದಳು. ಅವಳ ಹೆಗಲ ಮೇಲೆ ಅಪ್ಪನ ಎಡಗೈ ಬಂದು ಕೂತಿತು. ಅಂಟಿಕೊಂಡ ಬೆರಳುಗಳ ಗಂಟು ಅಂಗಿಯ ಮೇಲಿಂದಲೂ ತಿಳಿಯುತ್ತಿತ್ತು. ಹೊಗೆ ಮುಖಕ್ಕೆ ಬರಬಾರದು, ಗಾಳಿ ಬೆನ್ನಿಗಿರೋ ಹಾಗೆ ಹೋಗು, ಎಡಕ್ಕೆ ತಗೋ ಅಂದ. ಅವಳು ಎಡಕ್ಕೆ ತಗೊಂಡಳು.

ಮೈದಾನ ದಾಟಿದ ಮೇಲೆ ಗೋದಾಮಿನ ತಗಡಿನ ಮಾಡು ಕಾಣಿಸಿತು. ಅದರ ಮೇಲೆ ಹೊಗೆ. ಪೊರೆ ಬಂದ ಅಪ್ಪನ ಕಣ್ಣಿಗೆ ಅಷ್ಟು ದೂರದ್ದು ಕಾಣುವಂತಿರಲಿಲ್ಲ.

"ಬಣ್ಣ ಹೇಳು," ಅಂದ ಅಪ್ಪ.

"ಬಿಳಿ."

"ಸರಿಯಾಗಿ ನೋಡು. ಕಪ್ಪು ಬೆರೆತಿದೆಯಾ?"

"ಇಲ್ಲ. ಅನ್ನದ ಪಾತ್ರೆ ಮುಚ್ಚಳ ತೆಗೆದ ಹಾಗೆ ಬಿಳಿ."

ಹೆಗಲ ಮೇಲಿನ ಕೈ ಒಮ್ಮೆ ಹಿಂಡಿತು. "ಬೆಂಕಿ ಉಣ್ಣೋವಾಗ ಹೊಗೆ ಕಪ್ಪಗಿರತ್ತೆ. ಇದು ಆವಿ. ಎಲ್ಲೋ ನೀರು ಬಿದ್ದಿದೆ."

ಅವಳಿಗೆ ನಂಬುವ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಗೋದಾಮಿನ ಕಡೆಯಿಂದ ಒಂದು ಸದ್ದು ಬರತೊಡಗಿತು, ತಟ್ಟೆಯ ಮೇಲೆ ಯಾರೋ ಬಿಡದೆ ಬಡಿಯುತ್ತಿರುವ ಹಾಗೆ. ಅದೇನು ಗಂಟೆ ಅಂತ ಅಪ್ಪ ಕೇಳಿದ. ಅವಳು ಗಾಡಿಯನ್ನು ಪಕ್ಕಕ್ಕೆ ಒಯ್ಯದೆ ರಸ್ತೆಯ ನಡುವೆಯೇ ನಿಲ್ಲಿಸಿಬಿಟ್ಟಳು.

"ಹೊರಗೋಡೆಗೆ ನಾನು ಹಾಕಿಸಿದ್ದು ಅಪ್ಪ. ಪೈಪಲ್ಲಿ ನೀರು ಓಡಿದರೆ ಮಾತ್ರ ಅದು ಹೊಡ್ಕೊಳ್ಳೋದು."

ಅವರು ತಲುಪುವುದಕ್ಕೂ ಕೆಂಪು ಗಾಡಿ ಬರುವುದಕ್ಕೂ ಸರಿಹೋಯಿತು. ಇಳಿದ ದಳದ ಮುಖ್ಯಸ್ಥ ಒಂದು ಕಾಲದಲ್ಲಿ ಅಪ್ಪನ ಕೈಕೆಳಗೆ ಕೊಳವೆ ಎಳೆದು ಕಲಿತವನು. ಆಗ ಸಣಕಲನಾಗಿದ್ದನೆಂದು ಅಪ್ಪ ಅವನಿಗೆ ಕಡ್ಡಿ ಅಂತ ಹೆಸರಿಟ್ಟಿದ್ದ. ಈಗ ಬೆಲ್ಟಿನ ಮೇಲೆ ಹೊಟ್ಟೆ ಕೂತಿದ್ದರೂ ಹೆಸರು ಬಿಟ್ಟಿರಲಿಲ್ಲ. ಅವನು ಬಾಗಿಲಿಗೆ ಕೈ ಹಾಕುವ ಮೊದಲು ಅಪ್ಪ ತಡವರಿಸುತ್ತ ಮುಂದೆ ಹೋಗಿ ಕಬ್ಬಿಣದ ಹಲಗೆಗೆ ಹಿಂಗೈ ತಾಗಿಸಿದ. ಹೊರಗೆ ಬಿಸಿಲು ಉರಿಯುತ್ತಿತ್ತು, ಬಾಗಿಲು ನೆರಳಿನಲ್ಲಿತ್ತು.

"ತಣ್ಣಗಿದೆ. ತೆಗಿ ಕಡ್ಡಿ."

ಒಳಗೆ ಟವೆಲಿನ ಕಟ್ಟುಗಳು ಸೂರಿನವರೆಗೆ ನಿಂತಿದ್ದವು, ನೀರು ತಾಗದೆ, ಬಿಳಿಯಾಗಿ. ಹಿಂದಿನ ಮೂಲೆಯಲ್ಲಿ, ಬ್ಯಾಟರಿ ಚಾರ್ಜು ಮಾಡುವ ಜಾಗದಲ್ಲಿ, ಒಂದೇ ಒಂದು ಸ್ಪ್ರಿಂಕ್ಲರ್ ಬಾಯಿಬಿಟ್ಟು ಕೊಡೆಯ ಹಾಗೆ ನೀರು ಚೆಲ್ಲುತ್ತಿತ್ತು. ಅದರ ಕೆಳಗೆ ಒಂದು ಮಂಚದಷ್ಟು ಅಗಲ ಕರಿ, ಪಕ್ಕದಲ್ಲಿ ನೆನೆದ ಕೆಲವು ಕಟ್ಟು. ಆಚೆ ಈಚೆಯ ಸ್ಪ್ರಿಂಕ್ಲರುಗಳ ಗಾಜು ಹಾಗೇ ಕೆಂಪಗೆ ಹೊಳೆಯುತ್ತಿದ್ದವು. ದಳದವರು ಕರಿಯನ್ನು ಕೆದಕಿ ನೋಡಿದರು. ಕಿಡಿ ಉಳಿದಿರಲಿಲ್ಲ. ಹೊತ್ತು ತಂದ ಕೊಳವೆಯನ್ನು ಸುರುಳಿ ಬಿಚ್ಚದೆ ಕೆಳಗಿಟ್ಟರು.

ಊಟ ಬಿಟ್ಟು ಓಡಿ ಬಂದ ಮೇಲ್ವಿಚಾರಕ, ನೋಡಿ ಎಷ್ಟೊಂದು ಟವೆಲ್ ನೆನೆದುಹೋಯ್ತು ಅಂತ ತಲೆ ಹಿಡಿದುಕೊಂಡ.

"ಟವೆಲ್ ಇರೋದೇ ನೆನೆಯೋಕೆ," ಅಂದ ಅಪ್ಪ.

ನಿನ್ನೆ ನಾನು ವಾಲ್ವ್ ತೆರೆದಿದ್ದನ್ನು ನೀವು ನೋಡಿದಿರಾ ಅಂತ ಅವಳು ಮೇಲ್ವಿಚಾರಕನನ್ನು ಕೇಳಿದಳು. ನೋಡದೆ ಏನು, ಚಕ್ರ ತಿರುಗಿಸ್ತಾ ತಿರುಗಿಸ್ತಾನೇ ಮಂಡಿಗೆ ಯಾವ ಎಣ್ಣೆ ಹಚ್ಚಬೇಕು ಅಂತ ಹೇಳಿದಿರಲ್ಲ, ಹೇಳ್ತಾ ಹೇಳ್ತಾ ಹಾಗೇ ಹೊರಟುಹೋದಿರಿ ಅಂದ ಅವನು. ಮರೆತದ್ದು ಬಟ್ಟೆ ಬಿಚ್ಚುವುದನ್ನು ಮಾತ್ರ. ಕೈ ತನ್ನ ಕೆಲಸ ಮರೆತಿರಲಿಲ್ಲ. ಅವಳು ಗೋಡೆಗೆ ಒರಗಿ ನಿಂತಳು. ಮೇಲಿನಿಂದ ಹನಿಗಳು ಸಿಡಿದು ಮುಖದ ಮೇಲೆ ಬೀಳುತ್ತಿದ್ದವು.

ಕಡ್ಡಿ ಸೂರಿನ ಕಡೆ ಕತ್ತೆತ್ತಿ ಸುಮಾರು ಹೊತ್ತು ನೋಡಿದ. ನಾವು ಬರೋಷ್ಟರಲ್ಲಿ ಮುಗಿದೇ ಹೋಗಿತ್ತು, ಯಾರು ಮಾಡಿದ ಕೆಲಸ ಇದು ಅಂತ ಕೇಳಿದ. ಮೇಲ್ವಿಚಾರಕ ಬಾಯಿ ತೆರೆಯುವ ಮೊದಲು ಅಪ್ಪ ಹೇಳಿದ.

"ನಲ್ಲಿ ಜೋಡಿಸೋಳು. ನನ್ನ ಮಗಳು."

ಮೊದಲೂ ಆಡುತ್ತಿದ್ದ ಮಾತೇ. ಆದರೆ ಈ ಸಲ ಅವನು ಬೆನ್ನು ನೆಟ್ಟಗೆ ಮಾಡಿ, ಹಿಂದೆ ಮೇಲಧಿಕಾರಿಗಳ ಎದುರು ನಿಲ್ಲುತ್ತಿದ್ದ ಹಾಗೆ ನಿಂತು ಆಡಿದ. ಆಮೇಲೆ ಕರಿಯ ಅಂಚಿಗೆ ಹೋಗಿ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದ. "ಇಷ್ಟೇನಾ?" ಅಂತ ಕೇಳಿದ. ಇಷ್ಟೇ ಅಂದಳು ಅವಳು. "ಅವತ್ತಿಂದೂ ಮೊದಲು ಇಷ್ಟೇ ಇದ್ದಿರಬೇಕು," ಅಂದ. ಅವಳು ಅವನ ಅಂಟಿಕೊಂಡ ಬೆರಳುಗಳ ಕಡೆ ನೋಡಿದಳು.

ಒಡೆದ ಸ್ಪ್ರಿಂಕ್ಲರ್ ಬದಲಿಸಬೇಕಿತ್ತು. ವಾಲ್ವ್ ಕೋಣೆಗೆ ಹೋಗಿ ಚಕ್ರ ತಿರುಗಿಸಿ ಮುಚ್ಚಿದಳು. ಗೋಡೆಯ ಗಂಟೆ ನಿಧಾನವಾಗಿ ನಿಂತಿತು. ಅಭ್ಯಾಸಬಲದಿಂದ ಕೈ ಚೀಲಕ್ಕೆ ಹೋಯಿತು. ಬಟ್ಟೆ ಮನೆಯ ನಲ್ಲಿಯಲ್ಲಿತ್ತು. ಹಿಂದೆಯೇ ಬಂದಿದ್ದ ಅಪ್ಪ ಕಣ್ಣೊರೆಸಿಕೊಳ್ಳಲೆಂದು ಇಟ್ಟುಕೊಂಡಿದ್ದ ಕರವಸ್ತ್ರ ತೆಗೆದ. ಕೊಡು ಇಲ್ಲಿ ಅಂತ ಕೀಲಿ ತೆಗೆದುಕೊಂಡು, ಬೆಂದ ಬೆರಳುಗಳಲ್ಲೇ ಹಿಡಿದು, ದಳದಲ್ಲಿ ಹಗ್ಗಕ್ಕೆ ಹಾಕುತ್ತಿದ್ದ ಗಂಟು ಹಾಕಿದ. ಅದು ಕೆಂಪಲ್ಲವಲ್ಲ ಅಂದಳು. ನಡೆಯತ್ತೆ ಅಂದ.

ಏಣಿ ಹತ್ತಿ ಹೊಸದನ್ನು ಕೂರಿಸಿ ಇಳಿದು ಬಂದಾಗ ಅವನು ಅದೇ ಕೋಣೆಯಲ್ಲಿ, ಅದೇ ಜಾಗದಲ್ಲಿ ನಿಂತಿದ್ದ. ಅವಳು ಚಕ್ರ ತಿರುಗಿಸಿದಳು. ನೀರು ಗೊರಗೊರ ಸದ್ದು ಮಾಡುತ್ತ ಮೇಲೇರಿತು. ಕರವಸ್ತ್ರ ಬಿಚ್ಚಿ ಅವನ ಕಡೆ ಚಾಚಿದಳು. ಅಪ್ಪ ಅದನ್ನು ಕೂಡಲೇ ತೆಗೆದುಕೊಳ್ಳಲಿಲ್ಲ. ಪೈಪಿನ ಹತ್ತಿರ ಸರಿದು, ಎಡಗೈ ತಿರುವಿ, ಹಿಂಗೈಯನ್ನು ಅದರ ಮೈಗೆ ತಾಗಿಸಿ, ಅದು ನೀರು ತುಂಬಿ ಬೆರಳುಗಳ ಕೆಳಗೆ ತಣ್ಣಗಾಗುತ್ತ ಬರುವುದನ್ನೇ ನೋಡುತ್ತ ನಿಂತ.