ಬೆಸುಗೆ ಬಿಚ್ಚದ ಲಾರಿ

ಗಜೇಂದ್ರಗಡದ ರೋಣ ರಸ್ತೆಯ ಶೆಡ್ಡಿನಲ್ಲಿ ಹೂವಪ್ಪ ಮಿಸ್ತ್ರಿ ಲಾರಿಯ ಹಿಂದಿನ ಗಾಲಿಗಳ ನಡುವಿನ ಡಿಫರೆನ್ಷಿಯಲ್ ಬಿಚ್ಚಲು ಕೂತಾಗಲೆಲ್ಲ ಒಮ್ಮೆ ಹಿಂದಿರುಗಿ ನೋಡುತ್ತಾನೆ. ಬೆನ್ನ ಹಿಂದೆ ಯಾರೋ ಕುಕ್ಕರಗಾಲಲ್ಲಿ ಕೂತು ತಮ್ಮ ಸರದಿ ಕಾಯುತ್ತಿದ್ದಾರೆ ಅನ್ನಿಸುತ್ತದೆ. ಯಾರೂ ಇರುವುದಿಲ್ಲ. ನಡುಹಗಲಲ್ಲೂ ಮೈ ಝುಂ ಅನ್ನುತ್ತದೆ. ಕೂತವನು ಯಾರೆಂದು ಅವನಿಗೆ ಗೊತ್ತು: ಕೊಣ್ಣೂರಿನ ಡ್ರೈವರ್ ಸಿದ್ದರಾಮೇಶ. ಅವನು ಸತ್ತು ಮೂರು ವರ್ಷವಾಗಿದೆ.

ಆ ಸೋಮವಾರ ತಿರುಗಿ ನೋಡಿದರೆ ಅಲ್ಲಿ ನಿಜವಾಗಿಯೂ ಒಬ್ಬ ಕೂತಿದ್ದ. ಅದೇ ಅಗಲ ಹಣೆ, ಅದೇ ಕೂಡುಹುಬ್ಬು. ಹೂವಪ್ಪನ ಕೈಯಿಂದ ನಟ್ಟು ಬಿಚ್ಚುವ ಪಾನಾ ಜಾರಿ ಬಿತ್ತು.

"ನಾ ಮಾಲತೇಶ್ರೀ, ಸಿದ್ದರಾಮೇಶನ ತಮ್ಮ," ಅಂದ ಆತ. "ಒಂದು ಹಳೇ ಲಾರಿ ತಗೊಂಡೀನ್ರಿ."

"ಏನ್ ಹೇರ್ತಿ? ಎಲ್ಲಿ ಓಡಸ್ತಿ?" ಮೂರು ವರ್ಷದಿಂದ ಹೂವಪ್ಪ ಎಲ್ಲರಿಗೂ ಮೊದಲು ಕೇಳುವುದು ಇದನ್ನೇ.

"ಕಬ್ಬಿನ ಸೀಜನ್ನಾಗ ಹೊಳಿದಂಡಿ ಹೊಲದಾಗ. ಉಳಿದ ದಿನ ಇಲ್ಲೇ ಗುಡ್ಡದ ಕಲ್ಲು. ಅಣ್ಣನ ಗಾಡಿಗೆ ಮಾಡಿದ್ರಲ್ಲ, ಹಂಗ ವೆಲ್ಡ್ ಹೊಡದು ಕೊಡ್ರಿ. ಕೆಸರಾಗ ಹುಲಿ ಆಗೈತಿ ಗಾಡಿ ಅಂತಿದ್ದ ಅಂವ."

ಎರೆಹೊಲದ ಕೆಸರಿನಲ್ಲಿ ಲಾರಿಯ ಒಂದು ಹಿಂದಿನ ಗಾಲಿ ಸುಮ್ಮನೆ ಗಿರಗಿರ ತಿರುಗುತ್ತದೆ, ಇನ್ನೊಂದು ಅಲ್ಲಾಡದೆ ನಿಲ್ಲುತ್ತದೆ. ಡಿಫರೆನ್ಷಿಯಲ್ಲಿನ ಹಲ್ಲುಚಕ್ರಗಳನ್ನು ಒಂದಕ್ಕೊಂದು ಬೆಸೆದುಬಿಟ್ಟರೆ ಎರಡೂ ಗಾಲಿ ಕೂಡಿ ತಿರುಗುತ್ತವೆ, ಗಾಡಿ ಮೇಲೇಳುತ್ತದೆ. ಆದರೆ ಡಾಂಬರಿನ ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಬೆಸೆದ ಗಾಲಿಗಳಿಗೆ ಅದು ಆಗದು, ಅವು ಗಾಡಿಯನ್ನು ನೆಟ್ಟಗೆ ನೂಕುತ್ತವೆ. ಕಬ್ಬು ಮುಗಿದ ಮೇಲೆ ಬೆಸುಗೆ ಬಿಚ್ಚಲೇಬೇಕು.

ಮೂರು ವರ್ಷದ ಹಿಂದೆ ಅದನ್ನು ಬಿಚ್ಚಿಸಲೆಂದೇ ಸಿದ್ದರಾಮೇಶ ಬಂದಿದ್ದ. "ತಿರುವಿನ್ಯಾಗ ಮಾತು ಕೇಳವಲ್ದು ಮಿಸ್ತ್ರಿ," ಅಂದಿದ್ದ. ಹೂವಪ್ಪ ಅಂದು ಹೊಸ ಅಂಗಿ ತೊಟ್ಟು ಇಟಗಿಯ ಭೀಮಾಂಬಿಕೆಯ ಗುಡಿಗೆ ಹೊರಟು ನಿಂತಿದ್ದ. ಅಂಗಿಗೆ ಗ್ರೀಸ್ ಹತ್ತೀತೆಂದು ಎರಡು ಮಾರು ದೂರದಿಂದಲೇ ಮಾತಾಡಿದ. "ಎಂಟು ದಿನ ಬಿಟ್ಟು ಬಾ, ಅಲ್ಲೀತನಕ ರೂಢಿ ಆಕ್ಕೈತಿ." ಗಾಡಿ ಇನ್ನು ಎಲ್ಲಿಗೆ ಹೋಗುತ್ತದೆ, ಏನು ಹೇರುತ್ತದೆ ಎಂದು ಕೇಳಲಿಲ್ಲ. ನಾಲ್ಕನೇ ದಿನ ಕಲ್ಲು ಹೇರಿದ ಲಾರಿ ತುಂತುರು ಮಳೆಯಲ್ಲಿ ಗುಡ್ಡದ ತಿರುವಿನಿಂದ ನೆಟ್ಟಗೆ ಕೆಳಗೆ ಹೋಯಿತು. ಹೂವಪ್ಪ ಹೋಗಿ ನೋಡಿದ. ಮುಂದಿನ ಗಾಲಿಗಳು ಇನ್ನೂ ತಿರುವಿನ ಕಡೆಗೇ ಹೊರಳಿದ್ದವು; ಸಿದ್ದರಾಮೇಶ ಕಡೇತನಕ ಸ್ಟೇರಿಂಗ್ ತಿರುಗಿಸಿದ್ದ, ಗಾಡಿ ಕೇಳಿರಲಿಲ್ಲ. ಕಂಡದ್ದನ್ನು ಅವನು ಯಾರಿಗೂ ಹೇಳಲಿಲ್ಲ. ಕೆಟ್ಟವನೇನಲ್ಲ, ಹೆದರುಪುಕ್ಕ. ಅಂಥವರಿಗೆ ಬಾಯಿಗೆ ಬೀಗ ಹಾಕಿಕೊಳ್ಳುವುದು ಬಲು ಸುಲಭ.

"ವೆಲ್ಡ್ ಬ್ಯಾಡಪ," ಅಂದ ಈಗ. "ಲಾಕ್ ಇದ್ದ ಡಿಫರೆನ್ಷಿಯಲ್ ಬರ್ತೈತಿ. ಕೆಸರಾಗ ಸ್ವಿಚ್ ಒತ್ತು, ರೋಡಿಗೆ ಬಂದಕೂಡ್ಲೆ ತಗಿ. ನಿನ್ನಂಥಾ ಎರಡೂ ಕಡೆ ಓಡೋ ಗಾಡಿಗೆ ಅದ ಬೇಕು."

"ಅಷ್ಟು ತುಟ್ಟಿದು ನನ್ನ ಕೈಲೆ ನೀಗೂದಿಲ್ರಿ. ನೀವು ಒಲ್ಲೆ ಅಂದ್ರ ನರಗುಂದದಾಗ ಮಾಡಿಸ್ತೀನಿ." ಮಾಲತೇಶ ಎದ್ದು ನಿಂತ.

ಹುಡುಗ ನರಗುಂದದಲ್ಲಿ ವೆಲ್ಡ್ ಹೊಡೆಸಿಕೊಂಡು ಅದೇ ಗುಡ್ಡ ಹತ್ತುತ್ತಾನೆ. ಬೆನ್ನ ಹಿಂದೆ ಕೂತವರು ನಾಳೆ ಇಬ್ಬರಾಗುತ್ತಾರೆ.

"ನಿಮ್ಮಣ್ಣನ್ನ ಕೊಂದದ್ದು ಆ ವೆಲ್ಡು," ಅಂದುಬಿಟ್ಟ. "ಬಿಚ್ಚಿ ಕೊಡು ಅಂತ ಬಂದಿದ್ದ. ನಾ ಬಿಚ್ಚಲಿಲ್ಲ." ಇಟಗಿ, ಅಂಗಿ, ತಿರುವಿನ ಕಡೆ ಹೊರಳಿದ್ದ ಗಾಲಿ, ಎಲ್ಲವನ್ನೂ ಹೇಳಿದ.

ಮಾಲತೇಶ ಹೊಡೆಯುತ್ತಾನೆ ಎಂದು ಹೂವಪ್ಪ ಅಂದುಕೊಂಡಿದ್ದ. ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮಾಲತೇಶ ಬಿದ್ದಿದ್ದ ಪಾನಾ ಎತ್ತಿ ಅವನ ಮುಂದಿಟ್ಟ.

"ಕುಡದು ನಿದ್ದಿ ಹತ್ತಿ ಬಿದ್ದ ಅಂದ್ರು ಊರಾಗ," ಅಂದ. "ಅವ್ವ ನಂಬಿದ್ಳು. ಅವನ ಫೋಟೋ ಟ್ರಂಕಿನ್ಯಾಗ ಹಾಕ್ಯಾಳ. ಒಂದ ಸಲಾನೂ ಹೆಸರ ಹಿಡದಿಲ್ಲ. ನಡ್ರಿ, ಅಕಿ ಮುಂದ ಹೇಳ್ರಿ."

ಬೈಕಿನ ಹಿಂದೆ ಕೂತು ಹೂವಪ್ಪ ಕೊಣ್ಣೂರಿಗೆ ಹೋದ.

ತಾಯಿ ಮಾಯವ್ವ ಕಟ್ಟೆಯ ಮೇಲೆ ಕಡಲೆ ಹಸನು ಮಾಡುತ್ತಿದ್ದಳು. ಹೂವಪ್ಪ ಹೇಳಿದ್ದನ್ನೆಲ್ಲ ಕೇಳಿದಳು. ಮೊರದ ಮೇಲಿನ ಕೈ ನಿಂತಿತ್ತು.

"ಅಂವ ನಿದ್ದಿ ಮಾಡಿರಲಿಲ್ಲ?"

"ಇಲ್ಲಬೇ. ಕಡೇತನಕ ಸ್ಟೇರಿಂಗ್ ಹೊರಳಸ್ಯಾನ."

ಮಾಯವ್ವ ಎದ್ದು ಒಳಗೆ ಹೋದಳು. ಟ್ರಂಕು ಎಳೆದ ಸಪ್ಪಳವಾಯಿತು. ಫೋಟೋ ತಂದು ಸೆರಗಿನಿಂದ ಗಾಜು ಒರೆಸಿದಳು, ಮತ್ತೆ ಮತ್ತೆ ಒರೆಸಿದಳು. ಅದನ್ನು ಗೋಡೆಗೆ ಆನಿಸಿಟ್ಟು ಅದರ ಎದುರು ಹೂವಪ್ಪನನ್ನು ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು.

"ನನಗ ಹೇಳಿದ್ದು ಅವಗ ಹೇಳು," ಅಂದಳು. "ಮೊದಲ ನೀ ಹೇಳು. ಆಮ್ಯಾಲ ನಾ ಹೇಳ್ತೀನಿ."